ಒಡೆಯದ ಕಲ್ಲಿಗೆ ಒಡೆದ ಲೆಕ್ಕ

ಇವತ್ತು ಆದ ಕೆಲಸ ಇಷ್ಟು. ಅಂಗಳ ಗುಡಿಸಿ ನೀರು ಹೊಡೆದೆ. ಹಾಲು ಕಾಯಿಸಿದೆ (ಅರ್ಧ ಉಕ್ಕಿಸಿದೆ). ನಲ್ಲಿ ನೀರು ಬಂತು, ತುಂಬಿಕೊಂಡೆ. ಪುಂಡಿಸೊಪ್ಪು ಬಿಡಿಸಿದೆ. ತೊಗರಿಬೇಳೆ ಬಿಸಿಲಿಗೆ ಹರಡಿ, ಗುಬ್ಬಿ ಕಾಯ್ದೆ. ಮಧ್ಯಾಹ್ನಕ್ಕೂ ಸೇರಿಸಿ ರೊಟ್ಟಿ ಬಡಿದೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಕಡೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಹೊಸ ಕಲ್ಲು ಕೂರಿಸಿ, ಅದರ ಮೇಲೆ ಮೊದಲ ಬೆಡ್‌ಶೀಟ್ ಬಡಿದೆ.

ಬೇರೆಲ್ಲ ಕೆಲಸ ಒಂದು ಬೆಳಗಿನಲ್ಲಿ ಮುಗಿಯಿತು. ಆ ಕಲ್ಲಿಗೆ ಮಾತ್ರ ಎರಡು ತಿಂಗಳು ಹಿಡಿಯಿತು.

ನಗಬೇಡಿ. ನಾವು ಇರುವುದು ಶಹಾಬಾದದಲ್ಲಿ. ಇಲ್ಲಿ ನೆಲ ಅಗೆದರೆ ಕಲ್ಲು, ಮನೆಯ ನೆಲಕ್ಕೆ ಕಲ್ಲು, ಕಟ್ಟೆಗೆ ಕಲ್ಲು, ಕಾಂಪೌಂಡಿಗೆ ಕಲ್ಲು. ಅದೂ ಸಾಲದೆಂದು ನಮ್ಮ ಮನೆಯವರದ್ದೇ ವಾಡಿ ರಸ್ತೆಯಲ್ಲಿ ಕಲ್ಲು ಪಾಲಿಶ್ ಮಾಡುವ ಯಾರ್ಡ್ ಇದೆ. ಅಂಥವರ ಹೆಂಡತಿ ಒಗೆಯುವ ಕಲ್ಲಿಗೆ ಪರದಾಡಿದಳು ಎಂದರೆ ಬೀಗರು ಏನೆಂದಾರು?

ಆದದ್ದು ಹೀಗೆ. ಗ್ಯಾಸ್ ತಂದವನು ಸಿಲಿಂಡರನ್ನು ನೇರವಾಗಿ ನನ್ನ ಹಳೆಯ ಒಗೆಯುವ ಕಲ್ಲಿನ ಮೇಲೆ ಇಳಿಸಿದ. ಕಲ್ಲು ನಡುವೆ ಸೀಳಿತು. ಅವನಿಗೆ ಎರಡು ಮಾತು ಅಂದೆ, ಆಮೇಲೆ ಟೀ ಕೊಟ್ಟೆ. ಹೋದರೆ ಹೋಗಲಿ, ಯಾರ್ಡಿನಿಂದ ಒಂದು ಟುಕಡಾ ತಂದರಾಯಿತು ಎಂದುಕೊಂಡೆ.

ಟುಕಡಾ ಎಂದರೆ ಒಡೆದ ಚಪ್ಪಡಿ. ಕಲ್ಲಿನ ಯಾರ್ಡು ಯಾವುದೇ ಇರಲಿ, ಹಿಂದುಗಡೆ ಟುಕಡಾ ರಾಶಿ ಇದ್ದೇ ಇರುತ್ತದೆ. ಮಷಿನ್‌ನಲ್ಲಿ ಒಂದಿಷ್ಟು ಒಡೆಯುತ್ತವೆ, ಲಾರಿಗೆ ಏರಿಸುವಾಗ ಒಂದಿಷ್ಟು. ಅದನ್ನು ಯಾರೂ ಮಾರುವುದಿಲ್ಲ. ಕೇಳಿದವರಿಗೆ ಒಯ್ಯಿ ಎನ್ನುತ್ತಾರೆ. ನಮ್ಮ ಓಣಿಯ ಅರ್ಧ ಕಟ್ಟೆಗಳು, ಕೋಳಿಗೂಡುಗಳು, ಚರಂಡಿ ಮುಚ್ಚಳಗಳು ಆ ರಾಶಿಯಿಂದಲೇ ಎದ್ದು ಬಂದಿವೆ.

ಅದೂ ಈ ವರ್ಷ ರಾಶಿ ಗುಡ್ಡದಷ್ಟಾಗಿರಬೇಕಿತ್ತು. ಯಾಕೆಂದರೆ ನಮ್ಮ ಮನೆಯಲ್ಲಿ ಆರೇಳು ತಿಂಗಳಿಂದ ಊಟಕ್ಕೆ ಕುಳಿತರೆ ಅದೇ ಮಾತು. ಕಲ್ಲು ಭಾಳ ಒಡೆಯುತ್ತಿವೆ. ಬಂದ ಮಾಲಿನಲ್ಲಿ ಲಾಭ ಒಡಕಿಗೇ ಹೋಗುತ್ತಿದೆ. ಮನೆಯವರು ತಮಗೇ ವಯಸ್ಸಾಯಿತು, ವ್ಯಾಪಾರ ಕೈಬಿಟ್ಟಿತು ಎನ್ನಲು ಶುರು ಮಾಡಿದ್ದರು. ಮಷಿನ್ ಮಾರುವ ಮಾತೂ ಬಂದಿತ್ತು. ರಾತ್ರಿ ಮಗ್ಗುಲು ಬದಲಿಸುವುದೇ ಕೆಲಸ.

ಒಡೆಯುವುದಕ್ಕೆ ಕಾರಣವೂ ಸಿಕ್ಕಿತ್ತು. ಕಾರಣದ ಹೆಸರು ಸಾಬಣ್ಣ.

ಸಾಬಣ್ಣ ನಮ್ಮಲ್ಲಿ ಕಲ್ಲು ಏರಿಸಿ ಇಳಿಸುವ ಹಮಾಲ. ಕಾಗಿಣಾ ಹೊಳೆ ದಂಡೆಯ ಹಳ್ಳಿಯವನು. ಬಾಯಿ ಸ್ವಲ್ಪ ಜೋರು, ಕೈಯೂ ಜೋರು. ಅವನ ಕೈ ಸರಿಯಿಲ್ಲ, ಕಲ್ಲನ್ನು ಎಸೆಯುತ್ತಾನೆ ಎಂದು ಹೇಳಿದವನು ನಮ್ಮ ಸೂಪರ್‌ವೈಸರ್ ಶರಣು. ಪ್ರತಿ ಲೋಡು ಹೋದ ಮೇಲೆ ಇಷ್ಟು ಒಡೆದವು ಎಂದು ಶರಣು ಹೇಳುವುದು, ಸಾಬಣ್ಣನ ಪಗಾರದಲ್ಲಿ ಅಷ್ಟು ಹಿಡಿಯುವುದು. ಯಾರ್ಡಿನವರೆಲ್ಲ ಅವನನ್ನು ‘ಒಡಕಗೈ ಸಾಬಣ್ಣ’ ಎಂದು ಕರೆಯತೊಡಗಿದರು. ಅಡ್ಡಹೆಸರಿಗೆ ಕಾಲು ಬಹಳ. ವಾಡಿ ರಸ್ತೆಯ ಬೇರೆ ಯಾರ್ಡುಗಳಿಗೂ ಅದು ನಡೆದುಹೋಯಿತು. ಇಲ್ಲಿ ಬಿಟ್ಟರೆ ಮತ್ತೆಲ್ಲೂ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರಿರಲಿಲ್ಲ. ಆದರೂ ಬಿಡಿಸುವುದೆಂದು ನಿಶ್ಚಯವಾಗಿತ್ತು. ತಿಂಗಳ ಕೊನೆಯ ಶನಿವಾರ ಪಗಾರ ಕೊಟ್ಟು, ಸೋಮವಾರದಿಂದ ಬರಬೇಡ ಎನ್ನುವುದಷ್ಟೇ ಬಾಕಿ.

(ಅವನು ಹೊಸ ಮೊಬೈಲ್ ತಗೊಂಡದ್ದನ್ನೂ ನಾವು ಅನುಮಾನದಿಂದಲೇ ನೋಡಿದ್ದೆವು. ಕಂತಿನ ಮೇಲೆ ತಗೊಂಡದ್ದಂತೆ. ಬಡವನ ಕೈಗೆ ಹೊಸ ಮೊಬೈಲ್ ಬಂದರೆ ನಮಗೆಲ್ಲ ಪೊಲೀಸ್ ಬುದ್ಧಿ ಎಲ್ಲಿಂದ ಬರುತ್ತದೋ.)

ಹೀಗಿರುವಾಗ ನಾನು ಟುಕಡಾ ಆರಿಸಲು ಯಾರ್ಡಿನ ಹಿಂದಕ್ಕೆ ಹೋದೆ. ನೋಡಿದರೆ ರಾಶಿಯೇ ಇಲ್ಲ. ಜಾಲಿಗಿಡದ ಬುಡದಲ್ಲಿ ನಾಲ್ಕು ಚೂರು ಬಿದ್ದಿದ್ದವು, ಒಂದರ ಮೇಲೂ ಕರವಸ್ತ್ರ ಒಗೆಯುವಷ್ಟು ಜಾಗವಿಲ್ಲ.

ಶರಣುವನ್ನು ಕೇಳಿದೆ. ನಾನು ಪೂರ್ತಿ ಕೇಳುವ ಮೊದಲೇ ಉತ್ತರ ಬಂತು.

“ರಸ್ತಾಕ ಹಾಕ್ಲಿಕ್ಕಿ ಒಯ್ದ್ರು ಕಾಕು. ನಿಮಗ್ಯಾಕ ಟುಕಡಾ? ನಾ ಒಂದು ಛಲೋದು ನೋಡಿ ಕಳಸ್ತೀನಿ, ನೀವು ಬಿಸಿಲಾಗ ನಿಂದರಬ್ಯಾಡ್ರಿ.”

ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಬಂದೆ. ಕಲ್ಲು ಬರಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಕೇಳಿದೆ. ಈ ಸಲ ಮಸೀದಿ ಹತ್ತಿರದ ಗಟಾರಕ್ಕೆ ಒಯ್ದರು ಎಂದ. ರಸ್ತೆಗೋ, ಗಟಾರಕ್ಕೋ? ಮನೆಗೆ ಬಂದು ಸೋರೆಕಾಯಿ ಹೆಚ್ಚುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಅಷ್ಟು ಕಲ್ಲು ಒಡೆದದ್ದು ನಿಜವಾದರೆ, ಒಡೆದ ಕಲ್ಲು ಎಲ್ಲಿ?

ಮನೆಯವರಿಗೆ ಹೇಳಿದೆ. ಸಿಟ್ಟು ಬಂತು ಅವರಿಗೆ. ಶರಣು ದೂರದ ಸಂಬಂಧಿ, ಹತ್ತನೇ ಪಾಸಾದಾಗಿನಿಂದ ನಮ್ಮ ಕಣ್ಣೆದುರೇ ಬೆಳೆದವನು. ನಮ್ಮನ್ನು ಕಾಕಾ, ಕಾಕು ಎನ್ನುವವನು.

“ಕಾಕಾ ಅನ್ನೋ ಹುಡುಗಗ ಕಲ್ಲು ಎಲ್ಲಿ ಅಂತ ಕೇಳಲೇನು? ನಾಳಿ ಅವರಪ್ಪನ ಮುಂದ ಹ್ಯಾಂಗ ಕುಂದ್ರಲಿ?”

“ಮಾಲಕರ ಅನ್ನೋ ಸಾಬಣ್ಣಗ ದಿನಾ ಕೇಳ್ತೀರಲ್ರಿ” ಅಂದೆ. ಅವರು ಮಜ್ಜಿಗೆಗೆ ಉಪ್ಪಿಲ್ಲ ಎಂದರು.

ಮಗಳಿಗೆ ಫೋನ್ ಹಚ್ಚಿದೆ. ಅವಳು ಕಲಬುರಗಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಎಲ್ಲ ಕೇಳಿಸಿಕೊಂಡು, ಶರಣಣ್ಣ ಕಡೆಯ ಸಲ ರಜೆ ಹಾಕಿದ್ದು ಯಾವಾಗ ಎಂದು ಕೇಳಿದಳು. ನಾನು ಹೆಮ್ಮೆಯಿಂದ, ಅವನು ರಜೆಯನ್ನೇ ಹಾಕುವುದಿಲ್ಲ, ಎಳ್ಳಮಾಸೆಗೆ ಊರಿಗೆ ಊರೇ ಹೊಲದಲ್ಲಿ ಭಜ್ಜಿ ರೊಟ್ಟಿ ಉಣ್ಣುವಾಗಲೂ ಇವನು ಯಾರ್ಡಿನಲ್ಲಿರುತ್ತಾನೆ ಎಂದೆ.

ಆಗ ಅವಳು ಹೇಳಿದಳು. ಅವರ ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೂ ಕಡ್ಡಾಯವಾಗಿ ರಜೆಯ ಮೇಲೆ ಕಳಿಸುತ್ತಾರಂತೆ. ಆ ದಿನಗಳಲ್ಲಿ ಅವರ ಕುರ್ಚಿಯಲ್ಲಿ ಬೇರೆಯವರು ಕೂರಬೇಕು, ಅವರು ಫೋನ್ ಕೂಡ ಮಾಡಬಾರದು. ಕೆಲಸ ಸರಿಯಿದ್ದರೆ ಯಾರು ಕೂತರೂ ನಡೆಯುತ್ತದೆ. ಸರಿಯಿಲ್ಲದಿದ್ದರೆ ನಾಲ್ಕು ದಿನದಲ್ಲಿ ತಾನೇ ಬಾಯಿ ಬಿಡುತ್ತದೆ. ಇದು ಯಾರ ಮೇಲೂ ಅನುಮಾನವಲ್ಲ ಅಮ್ಮ, ಎಲ್ಲರಿಗೂ ಒಂದೇ ರೂಲ್ ಎಂದಳು.

ಯಾರಿಗೂ ಅವಮಾನವಾಗದ ದಾರಿ. ನನಗೆ ಹಿಡಿಸಿತು.

ನನ್ನ ಪುಣ್ಯಕ್ಕೆ ಶರಣುವಿನ ತಂಗಿಯ ಕೂಸಿಗೆ ಸೇಡಂ ಹತ್ತಿರದ ಮುಧೋಳದಲ್ಲಿ ತೊಟ್ಟಿಲ ಕಾರ್ಯ ಬಂತು. ಅವನು ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ ಎನ್ನುತ್ತಿದ್ದ. ಸೋದರಮಾವ ಒಂದೇ ದಿನ ಇದ್ದು ಬರುವುದೆಂದರೇನು ಎಂದು ನಾನು ಕಾಕುವಿನ ಅಧಿಕಾರ ಚಲಾಯಿಸಿದೆ. ನಾಲ್ಕು ದಿನ ಇದ್ದೇ ಬಾ. ಲೋಡು ಯಾರು ನೋಡುತ್ತಾರೆ ಎಂದ. ನಿಮ್ಮ ಕಾಕಾ ನೋಡುತ್ತಾರೆ ಎಂದೆ. ಬಿಸಿಲಲ್ಲಿ ಅವರ ಬಿ.ಪಿ. ಏರುತ್ತದೆ ಎಂದ. ಗುಳಿಗೆ ಇದೆ ಎಂದೆ. ಹೋದ, ಆದರೆ ಕುದಿಯುವ ಎಸರಿನ ಮೇಲಿನ ತಟ್ಟೆಯ ಹಾಗೆ ಹೋದ. ಅಲ್ಲಿಂದ ಫೋನಿನ ಮೇಲೆ ಫೋನು. ಯಾರು ಬಂದರು, ಯಾವ ಗಾಡಿ ಬಂತು?

ಮನೆಯವರೇ ಯಾರ್ಡಿನಲ್ಲಿ ಕೂತರು. ಅದೇ ಮಷಿನ್, ಅದೇ ಕಲ್ಲು, ಅದೇ ಒಡಕಗೈ ಸಾಬಣ್ಣ. ಮೊದಲ ದಿನ ಸಂಜೆ ಬಂದವರು ಕಾಲು ತೊಳೆದು ಊಟಕ್ಕೆ ಕೂತರು. ನಾನೇ ಕೇಳಿದೆ. ಒಡೆದದ್ದು ಒಂದೋ ಎರಡೋ, ಅದೂ ಮಷಿನ್‌ನಲ್ಲಿ. ತಾವು ಮುಂದೆ ಕೂತಿದ್ದಕ್ಕೆ ಸಾಬಣ್ಣ ಹುಷಾರಾಗಿರಬೇಕು ಎಂದು ತಾವೇ ಸಮಾಧಾನ ಮಾಡಿಕೊಂಡರು.

ಮೂರನೆಯ ದಿನ ನಾನು ಬುತ್ತಿ ಕಟ್ಟಿಕೊಂಡು ಯಾರ್ಡಿಗೆ ಹೋದೆ. ಬೇರೆ ದಿನಗಳಲ್ಲಿ ಅವರು ಮನೆಗೇ ಬಂದು ಉಂಡು, ಅರ್ಧ ತಾಸು ಅಡ್ಡಾಗಿ ಹೋಗುವ ಹೊತ್ತು ಅದು. ಸರಿಯಾಗಿ ಆಗಲೇ ಚಿಂಚೋಳಿ ಕಡೆಯ ಒಂದು ಟೆಂಪೊ ಬಂದು ನಿಂತಿತು. ಡ್ರೈವರ್ ಇಳಿದು ಶರಣಪ್ಪ ಎಲ್ಲಿ ಎಂದ. ಊರಿಗೆ ಹೋಗಿದ್ದಾನೆ, ಏನು ಬೇಕಿತ್ತು ಎಂದು ಇವರು ಕೇಳಿದರು.

“ಒಡದ ಮಾಲ್ರಿ. ಯಾವಾಗಿನಂಗ. ಅಲ್ಲಿ ಮನಿ ಕಟ್ಟೋ ಗೌಂಡಿ ಕಲ್ಲಿಲ್ದ ಕುಂತಾನ, ಸಾವಕಾರ್ರು ತಡೀದ ಕಳಿಸ್ಯಾರ.”

ಇವರಿಗೆ ಖುಷಿಯಾಯಿತು. ಅಂತೂ ಟುಕಡಾ ಒಯ್ಯುವವರು ಸಿಕ್ಕರು, ಹೆಂಡತಿಯ ಬಾಯಿ ಮುಚ್ಚಿಸಬಹುದು. ನನ್ನ ಕಡೆ ಒಮ್ಮೆ ನೋಡಿ, ಹಿಂದುಗಡೆ ಇದೆ ನೋಡು, ಒಯ್ಯಿ ಎಂದರು. ಡ್ರೈವರ್ ಹಿಂದೆ ಹೋದ. ಜಾಲಿಗಿಡದ ಬುಡ ನೋಡಿ ನಗುತ್ತಾ ವಾಪಸ್ ಬಂದ.

“ಏ, ಅದಲ್ರಿ ಯಜಮಾನ್ರ. ಅದು ಖರೇನೇ ಒಡದದ. ನಮಗ ಬೇಕಾದ ಒಡದ ಮಾಲು ಇದು.”

ಹಾಗೆಂದು ಅವನು ಕೈಯಿಟ್ಟದ್ದು ಪಾಲಿಶ್ ಮುಗಿದು ನಿಂತಿದ್ದ, ಕೂದಲೆಳೆಯಷ್ಟೂ ಬಿರುಕಿಲ್ಲದ ಚಪ್ಪಡಿಗಳ ಸಾಲಿನ ಮೇಲೆ.

ಇದು ಎಲ್ಲಿ ಒಡೆದಿದೆ ತಮ್ಮಾ ಎಂದರು ಇವರು. ಡ್ರೈವರ್ ಪಾಪ, ಏನೂ ಅರಿಯದವನು. ಶರಣಪ್ಪ ಇದನ್ನೇ ಒಡೆದ ಮಾಲು ಎನ್ನುತ್ತಾನೆ, ಅರ್ಧ ರೇಟಿಗೆ ಕೊಡುತ್ತಾನೆ, ದುಡ್ಡು ಅವನ ಕೈಗೇ ಕೊಡಬೇಕು, ನಾವು ಇದು ಕಲ್ಲಿನ ಒಂದು ಜಾತಿಯ ಹೆಸರೇ ಅಂದುಕೊಂಡಿದ್ದೆವು ಎಂದ. ಇವರು ಅವನಿಗೆ ನೀರು ಕೊಡಿಸಿ, ಖಾಲಿ ಗಾಡಿಯನ್ನೇ ತಿರುಗಿಸಿ ಕಳಿಸಿದರು. ಆಮೇಲೆ ಅದೇ ಚಪ್ಪಡಿಗಳ ಸಾಲಿಗೆ ಒರಗಿ ನಿಂತರು. ಬುತ್ತಿ ಬಿಚ್ಚಲಿಲ್ಲ. ಸಾಬಣ್ಣ ಹಗ್ಗ ಹಿಡಿದು ಅಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

ಶರಣು ತೊಟ್ಟಿಲ ಕಾರ್ಯದ ಬೂಂದಿ ಹಿಡಿದು ಬಂದ. ಇವರು ಕೂರಿಸಿ, ಟೀ ತರಿಸಿ, ಮೆಲ್ಲಗೆ ಕೇಳಿದರು.

“ಶರಣು, ಒಡದ ಮಾಲಿನಾಗ ಎಷ್ಟು ನಮೂನಿ ಇರ್ತಾವಪಾ?”

ಅವನ ಮುಖದ ನೀರು ಇಳಿಯಿತು. ಬೂಂದಿಯ ಪೊಟ್ಟಣ ಕೆಳಗಿಟ್ಟು ಅಂದ: “ತಪ್ಪಾಗ್ಯದ್ರಿ ಮಾಲಕರ.”

ಅಷ್ಟು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ‘ಮಾಲಕರ’. ಕದ್ದದ್ದಕ್ಕಿಂತ ಅದು ಇವರಿಗೆ ಹೆಚ್ಚು ನೋಯಿಸಿತು ಎಂದು ಆಮೇಲೆ ಹೇಳಿದರು. ಶರಣುವಿನ ಅಪ್ಪ ಬಂದರು, ಹಿರಿಯರಿಬ್ಬರು ಕೂತರು. ಕದ್ದ ದುಡ್ಡನ್ನು ಅವರ ಹೊಲದ ತೊಗರಿ ಬಂದಾಗ ತೀರಿಸುವುದು, ಅವನು ಯಾರ್ಡಿಗೆ ಬರುವುದು ಬೇಡ ಎಂದಾಯಿತು. ಠಾಣೆಗೆ ಹೋಗಬೇಕಿತ್ತು ಎನ್ನುವವರು ಇದ್ದಾರೆ. ಇರಬಹುದು.

ಈಗ ಯೋಚಿಸಿದರೆ ಸುಳಿವು ಇರಲಿಲ್ಲವೇ? ಎಲ್ಲ ಕಣ್ಣೆದುರೇ ಇತ್ತು. ನಾವು ಒಂದೊಂದಕ್ಕೂ ಚಂದದ ಹೆಸರಿಟ್ಟಿದ್ದೆವು, ಅಷ್ಟೇ. ರಜೆ ಹಾಕದಿದ್ದರೆ ನಿಷ್ಠೆ. ಲೋಡಿನ ಹತ್ತಿರ ಬೇರೆಯವರನ್ನು ಬಿಟ್ಟುಕೊಡದಿದ್ದರೆ ಜವಾಬ್ದಾರಿ. ಕೇಳುವ ಮೊದಲೇ ಉತ್ತರ ಬಂದರೆ ಚುರುಕು. ಒಬ್ಬ ಗಿರಾಕಿ ಇವನೊಬ್ಬನ ಜೊತೆಗೇ ಮಾತನಾಡಿದರೆ, ಅದು ಇವನ ಒಳ್ಳೆಯತನ. ನಷ್ಟಕ್ಕೆ ಪ್ರತಿ ಸಲವೂ ಒಬ್ಬನನ್ನೇ ತೋರಿಸಿದರೆ? ಆ ಒಬ್ಬನ ಕೈ ಸರಿಯಿಲ್ಲ.

(ರಜೆ ಹಾಕದವರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಹಾಗಾದರೆ ಅಡುಗೆಮನೆಯ ಹೆಂಗಸರನ್ನೆಲ್ಲ ಮೊದಲು ಒಳಗೆ ಹಾಕಬೇಕಾಗುತ್ತದೆ. ಆದರೆ ಕಡ್ಡಾಯ ರಜೆಯ ರೂಲ್ ನಮಗೂ ಬಂದರೆ ಬೇಡ ಎನ್ನುವುದಿಲ್ಲ.)

ನನಗೆ ಸಮಾಧಾನ ತಂದದ್ದು ಒಂದೇ. ಆ ಶನಿವಾರ ಸಾಬಣ್ಣನಿಗೆ ‘ಬರಬೇಡ’ ಎನ್ನಲಿಲ್ಲ. ಹಿಡಿದ ಪಗಾರವನ್ನೆಲ್ಲ ಎಲ್ಲರ ಮುಂದೆ ಅವನ ಕೈಗೆ ಕೊಟ್ಟರು. ತಪ್ಪು ನಮ್ಮದು ಎಂದು ಅಕ್ಕಪಕ್ಕದ ಯಾರ್ಡಿನವರಿಗೂ ಇವರೇ ಹೋಗಿ ಹೇಳಿ ಬಂದರು. ಸಾಬಣ್ಣ ಕಣ್ಣೀರು ಹಾಕಿದನೇ, ಕಾಲಿಗೆ ಬಿದ್ದನೇ? ಎಲ್ಲಿಯ ಮಾತು. ನೋಟು ಜೇಬಿಗಿಟ್ಟು, ಎರಡೂ ಅಂಗೈ ಇವರ ಮುಖದ ಮುಂದೆ ಚಾಚಿದ.

“ಮತ್ತ ಈಗ ನೆಟ್ಟಗ ಆದವೇನ್ರಿ ಮಾಲಕರ, ನನ್ನ ಕೈ?”

ಇವರು ತಲೆ ತಗ್ಗಿಸಿದರು. ಅವನು ಕೇಳಬೇಕಾದ ಮಾತೇ ಅದು.

ಇವತ್ತು ಬೆಳಿಗ್ಗೆ ಕಲ್ಲು ಹೊತ್ತು ತಂದವನೂ ಅವನೇ. ಟುಕಡಾ ಹುಡುಕಿದರೆ ಯಾರ್ಡಿನಲ್ಲಿ ಟುಕಡಾ ಇಲ್ಲ, ಏನೂ ಒಡೆಯುತ್ತಿಲ್ಲವಲ್ಲ! ಕಡೆಗೆ ಇಡೀ ಕಲ್ಲನ್ನೇ ಕಳಿಸಿದ್ದರು. ಹಿತ್ತಲಲ್ಲಿ ಮಣ್ಣು ಸಮ ಮಾಡಿ, ಕೂಸನ್ನು ಮಲಗಿಸಿದ ಹಾಗೆ ಇಳಿಸಿದ. ಟೀ ಕುಡಿದು ಹೊರಡುವಾಗ ತಿರುಗಿ ನೋಡಿ ಹೇಳಿದ: “ಗ್ಯಾಸಿನಂವ ಬಂದ್ರ ಬಾಗಲಾಗೇ ನಿಂದ್ರಸ್ರಿ ಅವ್ವಾರ. ಇದು ಒಡದ್ರ ಮತ್ತ ನನ್ನ ಹೆಸರು ಬರ್ತದ.”

ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಮಜ್ಜಿಗೆಗೆ ಉಪ್ಪು ಸರಿಯಿತ್ತಂತೆ. ಕಲ್ಲಿನ ಮಾತು ಬರಲೇ ಇಲ್ಲ. ನಾನು ಪಾತ್ರೆ ತಿಕ್ಕಿ ಬರುವಷ್ಟರಲ್ಲಿ ಮನೆಯವರು ಬರಿಯ ಶಹಾಬಾದಿ ಕಲ್ಲಿನ ನೆಲದ ಮೇಲೇ ಮಲಗಿ ಗೊರಕೆ ಹೊಡೆಯುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವರು ನನಗಿಂತ ಮೊದಲು ಮಲಗಿದ್ದರು. ಫ್ಯಾನ್ ಒಂದು ಪಾಯಿಂಟ್ ಕಡಿಮೆ ಮಾಡಿ, ಇದನ್ನು ಬರೆಯಲು ಕೂತೆ.

ನಿಮ್ಮಲ್ಲೂ ಏನೋ ಭಾಳ ಒಡೆಯುತ್ತಿದೆ ಎಂದು ಯಾರೋ ದಿನಾ ಹೇಳುತ್ತಿರಬಹುದು. ಒಡೆದ ಚೂರನ್ನು ಒಮ್ಮೆಯಾದರೂ ಕಣ್ಣಾರೆ ನೋಡಿದ್ದೀರಾ?