ದ್ಯಾಮವ್ವನಿಗೆ ಬಿಡುವು ಕೊಟ್ಟ ಮುಸರತ್

ತಂಬೂರು ಗ್ರಾಮದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಾಲಿನ ಸಂಘದ ಬಾಗಿಲಲ್ಲಿ ಕ್ಯಾನು, ಚರಿಗೆ ಹಿಡಿದವರ ಸಾಲು. ಒಳಗೆ ಮುಸರತ್ ಹಾಲು ತೂಗುತ್ತಾರೆ. ಕಂಪ್ಯೂಟರು ಅದನ್ನು ಬರೆದುಕೊಂಡು ಹೊರಗಿನ ಫಲಕಕ್ಕೆ ತಿಳಿಸುತ್ತದೆ. ಇವತ್ತು ಇದು ನಡುವೆ ನಿಂತರೆ ಯಂತ್ರ ಮೂಲೆಗೆ, ಮುಸರತ್ ಮನೆಗೆ. ಹಾಗೆಂದು ಹೇಳಿಯೇ ಅಧ್ಯಕ್ಷೆ ದುರಗವ್ವ ಚರಿಗೆ ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದಾರೆ.

ತಪ್ಪು ಪೂಜೆಯ ದಿನದ್ದು. ಕಂಪ್ಯೂಟರು ಬಂದಾಗ ಕುಂಕುಮ ಹಚ್ಚಿ, ಒಳ್ಳೆಯದಾಗಲೆಂದು ಎಲ್ಲ ಕೆಲಸಕ್ಕೂ ಒಂದೇ ಲಾಗಿನ್ ಹೆಸರು ಹಾಕಿಸಿದರು: ದ್ಯಾಮವ್ವ. ತೂಕ, ಫಲಕ, ಪಕ್ಕದ ಕೋಣೆಯ ದನದ ಹಿಂಡಿ ಬಿಲ್ಲು ಎಲ್ಲವೂ ಗ್ರಾಮದೇವತೆಯ ಹೆಸರಲ್ಲಿ, ಆಕೆಯ ಪೂರ್ತಿ ಅಧಿಕಾರದಲ್ಲಿ. ಹಿಂಡಿ ಮಾರುವ ಗುಡದಪ್ಪನವರ ಪರದೆ ಆಗಾಗ ಹ್ಯಾಂಗ್ ಆಗುತ್ತದೆ. ಅವರು ‘ನನ್ನವೆಲ್ಲ ಬಂದ್’ ಎಂದು ಒತ್ತಿದರೆ ಹಾಲಿನ ತೂಕವೂ ಸಾಯುತ್ತಿತ್ತು. ಮಳೆಗಾಲದಲ್ಲಿ ಎರಡು ಸಲ ಟ್ಯಾಂಕರು ಕಾಯದೆ ಹೋಗಿ, ಹಾಲು ಮನೆಗೆ ಮರಳಿತು.

“ದೇವಿ ಹೆಸರ್ಲೆ ಬಂದ್ರ ಮಷೀನ್ ಯಾರನ್ನ ತಡೀಬೇಕ್ರಿ? ಒಂದ ಹೆಸರಿನವೆಲ್ಲಾ ಒಂದ ಮನಿಯವು ಅಂತ ತಿಳಿತೈತಿ,” ಎನ್ನುತ್ತಾರೆ ಮುಸರತ್, ಇದನ್ನು ನೋಡಲು ಬಂದ ನನಗೆ.

ಫೋನಿನಲ್ಲಿ ಪಾಠ ನೋಡಿ ನೋಡಿ ಅವರು ಕಂಡುಕೊಂಡ ದಾರಿ, ಕೆಲಸಕ್ಕೊಂದು ಹೆಸರು. ಆದರೆ ದ್ಯಾಮವ್ವನನ್ನು ತೆಗೆಯುತ್ತೇನೆಂದು ಊರಿಗೆ ಹೇಳುವುದು ಹೇಗೆ? ಹೆದರುತ್ತಲೇ ದುರಗವ್ವನ ಮುಂದೆ ನಿಂತರು.

“ಆಕಿ ಹೆಸರ್ಲೆ ದಿನಾ ಹಿಂಡಿ ಮಾರಿದ್ರ ಆಕಿಗೇನ್ ಮರ್ಯಾದಿ ಬೇ? ಗುಡ್ಯಾಗ ಕುಂಡರ್ಲಿ. ಅಗದಿ ಆಪತ್ತಿಗೆ ಕರಿಯೂಣು,” ಎಂದರು ದುರಗವ್ವ. ದ್ಯಾಮವ್ವನ ಪಾಸ್‌ವರ್ಡು ಈಗ ಅವರ ಹತ್ತಿರವೇ ಇದೆ.

ಹೆಸರು ಬೇರೆ ಮಾಡಿದ್ದು ನಿನ್ನೆ. ಫಲಕ ಕತ್ತಲಾಯಿತು. ತೂಕ ಹೇಳುವುದು ಅದಕ್ಕೆ ಕೇಳಿಸಲೇ ಇಲ್ಲ.

“ಮನಿ ಬ್ಯಾರೆ ಮಾಡಿ ಮಾತೂ ಬಿಡಿಸಿದ್ಯಲ್ಲ ಬೇ,” ಎಂದು ಗುಡದಪ್ಪ ಚುಚ್ಚಿದರು.

ಮುಸರತ್ ಸಂಜೆ ಕೂತು ಕಂಪ್ಯೂಟರಿನೊಳಗೆ ಎರಡರ ನಡುವೆ ಒಂದು ಜಾಗ ಮಾಡಿದರು. ಮನೆ ಮುಂದಿನ ಜಗಲಿಯಂತೆ ಅದಕ್ಕೆ ‘ಕಟ್ಟಿ’ ಎಂದೇ ಹೆಸರಿಟ್ಟರು. ತೂಕ ಅಲ್ಲಿ ಲೆಕ್ಕ ತಂದಿಡುತ್ತದೆ. ಫಲಕ ಓದಬಹುದು, ತಿದ್ದುವಂತಿಲ್ಲ. ಹಿಂಡಿಗೆ ಅಲ್ಲಿ ಕೆಲಸವೇ ಇಲ್ಲ. “ಬಾಜು ಮನಿಯವರ ಜೋಡಿ ಕಟ್ಟಿ ಮ್ಯಾಲೆ ಮಾತಾಡ್ತೀವಿ. ಅವರ ಒಲಿ ಆರಸಾಕ ಒಳಗ ಹೋಗೂದಿಲ್ಲಲ್ರಿ.”

ಇವತ್ತು ಸಾಲು ಅರ್ಧ ಕರಗುವಷ್ಟರಲ್ಲಿ ಗುಡದಪ್ಪನವರ ಪರದೆ ಹ್ಯಾಂಗ್ ಆಗಿದೆ.

“ಬಂದ್ ಮಾಡ್ಲ್ಯಾ?”

“ಮಾಡ್ರಿ ಕಾಕಾ.”

ಒತ್ತುತ್ತಾರೆ. ಅವರ ಪರದೆ ಖಾಲಿ. ಎಲ್ಲರ ಕಣ್ಣೂ ಫಲಕದತ್ತ. ಸಾಲಿನ ಮುಂದಿದ್ದ ರಾಜಮಾಬಿಯ ಎಮ್ಮೆ ಹಾಲಿನ ತೂಕ ಕೆಂಪಗೆ ಮೂಡುತ್ತದೆ. ಅದರ ಹಿಂದೆ ಮತ್ತೊಬ್ಬರದು.

“ನಿನ್ನ ಹಿಂಡಿ ಅಷ್ಟ ಸತ್ತತಲ್ಲೋ ಗುಡದಪ್ಪಾ,” ಎನ್ನುತ್ತದೆ ಸಾಲಿನಲ್ಲೊಂದು ದನಿ. ನಗು ಬಾಗಿಲು ದಾಟುತ್ತದೆ. ದುರಗವ್ವ ಎದ್ದು, ತಮ್ಮ ಚರಿಗೆಯನ್ನು ತಕ್ಕಡಿಯ ಮೇಲಿಡುತ್ತಾರೆ.

ಟ್ಯಾಂಕರು ತುಂಬಿಕೊಂಡು ಹೊರಡುತ್ತದೆ. ಮುಸರತ್ ಒಂದು ತೂಕದ ಚೀಟಿಯನ್ನು ನನ್ನ ಕೈಗಿಟ್ಟು, ಅದರ ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಡುತ್ತಾರೆ.

“ಇಷ್ಟ ದಿನ ತೂಕಾ ಮಾಡಿದವ್ರು ದ್ಯಾಮವ್ವ ಅಂತ ಬರ್ತಿತ್ರಿ. ಇವತ್ತ ನೋಡ್ರಿ, ಮುಸರತ್ ಅಂತ ಬಂದೈತಿ.”