ಮೋರಟಗಿಗೆ ಒಯ್ದ ರಕ್ತನಾಳ

ಪುಣೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ ರಕ್ತನಾಳ ಬೆಳೆಸುವುದು. ಅಂಚೆಚೀಟಿಯಷ್ಟು ಅಗಲದ ಪಾರದರ್ಶಕ ಚಿಪ್, ಅದರೊಳಗೆ ಸಣ್ಣ ಸಣ್ಣ ಕಾಲುವೆ. ನಡುವಿನದರಲ್ಲಿ ಮೆತ್ತನೆಯ ಜೆಲ್ ಜೊತೆ ಜೀವಕೋಶ ತುಂಬಿ, ಎರಡೂ ಬದಿಯಿಂದ ಪೋಷಕ ದ್ರವ ಕೊಟ್ಟು ಕಾಯಬೇಕು. ನಾವು ಬೆಳೆಸುವ ಅಂಗಾಂಶ ತುಸು ದಪ್ಪವಾದರೂ ಒಳಗಿನ ಕೋಶಗಳು ಆಮ್ಲಜನಕ ಸಿಗದೆ ಸಾಯುತ್ತವೆ. ನಾಳಗಳು ಬೇಕಾಗುವುದು ಅದಕ್ಕೇ. ಕೋಶಗಳು ಸಿಗುವುದು ಹೆರಿಗೆಯ ನಂತರ ಬಿಸಾಡುವ ಹೊಕ್ಕುಳಬಳ್ಳಿಯಿಂದ. ತಾಯಂದಿರ ಒಪ್ಪಿಗೆ ಕೇಳಲು ಆಸ್ಪತ್ರೆಗೆ ಹೋಗುವವಳೂ ನಾನೇ.

ಒಮ್ಮೆ ವಾರ್ಡಿನಲ್ಲಿ ನನ್ನ ಮರಾಠಿ ಕೇಳಿ ಒಬ್ಬ ಬಸುರಿ ನಕ್ಕಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು.

"ನೀವು ನಮ್ಮ ಕಡ್ಯಾವ್ರ ಅದೀರಿ. ಯಾವೂರ್ರಿ?"

"ಇಂಡಿ."

"ನಂದು ಸಿಂದಗಿ ಕಡೆ, ಮೋರಟಗಿ. ಬಳ್ಳಿ ಒಯ್ದು ಏನ್ ಮಾಡ್ತೀರಿ?"

ಹೇಳಿದೆ. ಸ್ವಲ್ಪ ಯೋಚಿಸಿ, "ಒಯ್ರಿ. ಆದ್ರ ಬೆಳದ ಮ್ಯಾಲ ನನಗ ತೋರಸ್ಬೇಕು" ಎಂದು ಸಹಿ ಮಾಡಿ ಫೋನ್ ನಂಬರನ್ನೂ ಬರೆದುಕೊಟ್ಟಳು.

ನಾಲ್ಕು ತಿಂಗಳಿಂದ ಕೋಶಗಳು ಕೂಡಿ ನಾಳಗಳಾಗುತ್ತಿದ್ದವು, ಆದರೆ ಅವು ಬದಿಯ ಕಾಲುವೆಗಳಿಗೆ ಬಾಯಿ ತೆರೆಯುತ್ತಿರಲಿಲ್ಲ. ಅವಳ ಕೋಶಗಳನ್ನು ಹಾಕಿದಾಗ ದ್ರವ ಜೆಲ್‌ನ ಮೂಲಕ ಹರಿದು ನಾಳಗಳನ್ನು ತನ್ನತ್ತ ಎಳೆಯಲೆಂದು ಒಂದು ಬದಿಯ ದ್ರವವನ್ನು ತುಸು ಎತ್ತರಕ್ಕಿಟ್ಟೆ. ಆರನೆಯ ದಿನ ಹೊಳೆಯುವ ಸೂಕ್ಷ್ಮ ಮಣಿಗಳನ್ನು ಬಿಟ್ಟೆ. ಈ ಕಡೆಯಿಂದ ಹೊಕ್ಕು ಆ ಕಡೆ ಹೊರಬಿದ್ದವು. ಖುಷಿಯ ಅವಸರದಲ್ಲಿ ಮೊದಲ ವಿಡಿಯೊ ಕೆಟ್ಟಿತು, ಮತ್ತೊಮ್ಮೆ ತೆಗೆದೆ.

ಅಷ್ಟರಲ್ಲಿ ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು. ನಾನು ರಜೆಗೆ ಇಂಡಿಗೆ ಬಂದಾಗ ಅವಳಿಗೆ ಫೋನ್ ಮಾಡಿ, ಸಿಂದಗಿಯಲ್ಲಿ ಬಸ್ ಬದಲಿಸಿ ಮೋರಟಗಿಗೆ ಹೋದೆ. ಬಾಗಿಲಲ್ಲೇ ಅವಳ ತಾಯಿ ತಡೆದಳು.

"ನನ್ನ ಮಗಳ ಬಳ್ಳಿ ಮಾರ್ಕೊಂಡ್ರೇನು?"

"ಇಲ್ರಿ ಯವ್ವಾ, ಮಾರಿಲ್ಲ. ತೋರ್ಸಾಕ ಬಂದೇನಿ."

ಮಗಳು ಕೂಸನ್ನೆತ್ತಿಕೊಂಡು ಬಂದು ವಿಡಿಯೊ ನೋಡಿದಳು. "ಇದ್ರಾಗ ಹರಿಯೂದು ರಕ್ತ ಏನ್ರಿ?"

"ಅಲ್ಲ, ಬರೇ ದ್ರವ. ಮಣಿ ಹರದ್ರ ದಾರಿ ತೆರದೈತಿ ಅಂತ ತಿಳ್ಕೊಬೇಕು."

ಮುದುಕಿ ಫೋನ್ ಇಸಿದುಕೊಂಡು ಮತ್ತೆ ಮತ್ತೆ ನೋಡಿದಳು. "ನಮ್ಮ ಮನ್ಯಾವ್ರಿಗೆ ಸಕ್ಕರಿ ಬ್ಯಾನಿ ಇತ್ತು. ರಕ್ತ ಆಡವಲ್ದು ಅಂತ ಕಾಲು ತಗದ್ರು. ಇದನ್ನ ಹಾಕಾಕ ಬರ್ತಿತ್ತೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ರಿ. ಈಗೂ ಬರೂದಿಲ್ಲ. ಸದ್ಯ ಔಷಧ ಪರೀಕ್ಷಾ ಮಾಡಾಕ ಅಷ್ಟ. ಮನಷ್ಯಾರಿಗೆ ಹಾಕೂದು ಇನ್ನ ಬಾಳ ದೂರ ಐತಿ."

ಅವಳು ಫೋನ್ ಮರಳಿಸಿದಳು. ಬೈಯುತ್ತಾಳೆಂದುಕೊಂಡೆ. "ಖರೇ ಹೇಳಿದಿ. ಕೈ ತೊಳ್ಕೊ, ಉಣ್ಣು" ಎಂದಳು.

ಊಟವಾದ ಮೇಲೆ ಮುದುಕಿ ನನ್ನ ಜೊತೆ ಬಸ್ ನಿಲ್ದಾಣದ ತನಕ ನಡೆದು ಬಂದಳು. ಕಾಲು ಹೋದ ಮೇಲೆ ಗಂಡ ಎರಡು ವರ್ಷ ಹೊರಸಿನ ಮೇಲೆ ಮಲಗಿಯೇ ಹೇಗೆ ದಿನ ತೆಗೆದ, ಕುರಿಗಳನ್ನು ದನಿಯಿಂದಲೇ ಹೇಗೆ ಗುರುತಿಸುತ್ತಿದ್ದ ಎಂದು ದಾರಿಯುದ್ದಕ್ಕೂ ಹೇಳಿದಳು. ಮೊದಲ ಬಸ್ ಹೋಗಲು ಬಿಟ್ಟು, ನಾನು ಕೇಳುತ್ತ ನಿಂತೆ.