ಅಜ್ಜಿ ಮನೆಗೆ ಹೊಸಿಲು ಹೊಡೆದ ಶನಿವಾರ

ತೊಂಬತ್ತರ ದಶಕದಲ್ಲಿ ಅಮೆರಿಕದ ಏಪೆಕ್ಸ್ ಅನ್ನೋ ಊರಲ್ಲಿದ್ದ ನಾವು ಮೂರು ಕನ್ನಡ ಕುಟುಂಬದವರು, ಶನಿವಾರ ಬಂತೆಂದರೆ ಮಕ್ಕಳುಮರಿ, ಪುಳಿಯೋಗರೆ ಡಬ್ಬಿ ಸಮೇತ ಹಳ್ಳಿ ಕಡೆ ಡ್ರೈವ್ ಮಾಡುತ್ತಿದ್ದೆವು, ಕೈಲಾಗದವರ ಮನೆ ರಿಪೇರಿ ಮಾಡಿಕೊಡುವ ವಾಲಂಟಿಯರ್ ಕೆಲಸಕ್ಕೆ. ಗಂಡಸರೆಲ್ಲ ಸಾಫ್ಟ್‌ವೇರಿನವರು. ಒಂದು ಮೊಳೆ ಹೊಡಿ ಅಂದರೆ ಮೊದಲು ಮೀಟಿಂಗ್ ಮಾಡುವ ಪೈಕಿ.

ಆ ಸಲ ನಮ್ಮ ಪಾಲಿಗೆ ಬಂದದ್ದು ತಂಬಾಕಿನ ಹೊಲದ ಪಕ್ಕ ಒಬ್ಬರೇ ಇದ್ದ ಅಮೆರಿಕನ್ ಅಜ್ಜಿಯ ಮನೆ. ಕಾಲು ಸ್ವಾಧೀನ ತಪ್ಪಿ ವೀಲ್‌ಚೇರ್ ಹಿಡಿದಿದ್ದರು. ಮೆಟ್ಟಿಲು ಇಳಿಯಲಾಗದೆ ವರ್ಷದಿಂದ ಒಳಗೇ ಇದ್ದರು. ಅವರಿಗೆ ಇದ್ದದ್ದು ಒಂದೇ ಆಸೆ: ರಸ್ತೆ ಬದಿಯ ಮೇಲ್‌ಬಾಕ್ಸ್‌ವರೆಗೆ, ಯಾರೂ ತಳ್ಳದೆ, ತಾವೇ ಹೋಗಿ ತಮ್ಮ ಪೋಸ್ಟ್ ತಂದುಕೊಳ್ಳಬೇಕು. ನಾವು ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಕಟ್ಟಿದೆವು. ಬಾಗಿಲ ಬುಡದಲ್ಲಿದ್ದ ಎತ್ತರದ ಪಟ್ಟಿ ಕಿತ್ತು ಸಪಾಟು ಮಾಡಿದೆವು.

ಅಲ್ಲಿಗೆ ಬಂದರು ನಮ್ಮತ್ತೆ, ಮೈಸೂರಿಂದ ಹೊಸದಾಗಿ ಬಂದಿದ್ದವರು. ಹೊಸಿಲಿಲ್ಲದ ಬಾಗಿಲು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. ಒಂಟಿ ಹೆಂಗಸಿನ ಮನೆ ಬೇರೆ, ಲಕ್ಷ್ಮಿ ಎಲ್ಲಿ ನಿಲ್ಲಬೇಕು ಅಂತ ಮಗನ ಹತ್ತಿರ ಶುರು ಹಚ್ಚಿಕೊಂಡರು. ನಮ್ಮ ಯಜಮಾನರೋ, ಅಮ್ಮ ಹಾಕಿದ ಗೆರೆ ದಾಟದವರು. ಊಟದ ಹೊತ್ತಲ್ಲಿ ಒಂದು ದಪ್ಪ ಮರದ ರೀಪರು ಕತ್ತರಿಸಿ ಬಾಗಿಲಿಗಡ್ಡ ಹೊಡೆದೇಬಿಟ್ಟರು. ನಾವೇನು ಕಮ್ಮಿ? ಅರಿಶಿನ ಕುಂಕುಮ ಹಚ್ಚಿ, ಈಗ ಲಕ್ಷಣವಾಗಿದೆ ಅಂತ ಫೋಟೋನೂ ತೆಗೆದುಕೊಂಡೆವು. ಅಲ್ಲಿ ಇಲ್ಲದ ಡಿಗ್ರಿಯಿಲ್ಲ, ಒಂದು ತಲೆಗಾದರೂ ಹೊಳೆಯಬೇಕಲ್ಲ!

ಅಜ್ಜಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಟರು. ಚಕ್ರ ಹೊಸಿಲಿಗೆ ಬಡಿದು ಟಕ್ ಅಂತ ನಿಂತಿತು. ಹಿಂದೆ ಸರಿದು ಜೋರಾಗಿ ಬಂದರು, ಮತ್ತೆ ನಿಂತಿತು. ನನ್ನ ಮಗಳು, "ಅಮ್ಮಾ, ವಿ ಬಿಲ್ಟ್ ಎ ವಾಲ್," ಅಂದಳು. ನನಗೋ ಅಂಥ ಹೊತ್ತಲ್ಲೇ ಹಾಳು ನಗು ಉಕ್ಕುವುದು. ಸೆರಗಿಲ್ಲ, ಟೀ ಶರ್ಟನ್ನೇ ಬಾಯಿಗೆ ತುರುಕಿಕೊಂಡೆ. ಆದರೆ ಅಜ್ಜಿಯ ಮುಖ ಸಣ್ಣಗಾದದ್ದು ನೋಡಿ ನಗು ಅಲ್ಲೇ ಇಂಗಿತು.

ಅತ್ತೆಯೂ ನೋಡಿದರು. "ಕಿತ್ತು ಹಾಕೋ ಅದನ್ನ," ಅಂದರು ಮಗನಿಗೆ. "ಲಕ್ಷ್ಮೀನೇ ಹೋಗಿಬರ್ತೀನಿ ಅಂತ ಕೂತಿದಾಳೆ."

ರೀಪರು ಎದ್ದ ಜಾಗದಲ್ಲಿ ತಾವೇ ಬಗ್ಗಿ, ಹಲಗೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಎರಡು ಎಳೆ ರಂಗೋಲಿ ಎಳೆದು, ಇದೇ ಹೊಸಿಲು ಅಂತ ತೀರ್ಪು ಕೊಟ್ಟರು. ಅಜ್ಜಿ ಅದರ ಮೇಲೇ ಹಾದು, ಇಳಿಜಾರಲ್ಲಿ ಜುಯ್ ಅಂತ ಇಳಿದರು. ಮಕ್ಕಳೆಲ್ಲ ಕೇಕೆ ಹಾಕುತ್ತಾ ಹಿಂದೆ. ಅವರ ಹಿಂದೆ ಸ್ನೀಕರ್ಸ್ ಹಾಕಿಕೊಂಡ ನಮ್ಮತ್ತೆ, ಸೀರೆ ಎತ್ತಿ ಹಿಡಿದು, ಹುಷಾರು ಹುಷಾರು ಅಂತ ಕನ್ನಡದಲ್ಲಿ ಕೂಗುತ್ತಾ. ನಾವು ದೊಡ್ಡವರು ನಕ್ಕೂ ನಕ್ಕೂ ಹುಲ್ಲಿನ ಮೇಲೆ ಕೂತುಬಿಟ್ಟೆವು.

ಬಾಕ್ಸಿನಲ್ಲಿದ್ದದ್ದು ಬರೀ ಅಂಗಡಿಗಳ ಜಾಹೀರಾತು. ಅಜ್ಜಿ ಅದನ್ನೇ ಎತ್ತಿ ನಮಗೆಲ್ಲ ತೋರಿಸಿದರು. ಆಮೇಲೆ ಒಂದನ್ನು ಮಡಿಲಲ್ಲಿಟ್ಟುಕೊಂಡು, ಉಳಿದದ್ದನ್ನು ಮತ್ತೆ ಒಳಗೆ ತುರುಕಿ ಮುಚ್ಚಿದರು. ಯಾಕೆ ಅಂತ ಕೇಳಿದೆ.

"ನಾಳೆ ಭಾನುವಾರ," ಅಂದರು. "ಪೋಸ್ಟ್ ಬರಲ್ಲ. ನಾಳೆಗೂ ಇಷ್ಟು ಇರಲಿ."